‘ಬಿಡ್ತು ಅನ್ನು’ ಎನ್ನದವರು: ತುಮಕೂರಿನ ಒಂದು ಮನೆಭೇಟಿ ಆರೈಕೆ ಸೇವೆಯ ಬಗ್ಗೆ

2025ರ ಜುಲೈ ತಿಂಗಳಿನಿಂದ ನವೆಂಬರಿನವರೆಗೆ ತುಮಕೂರಿನ ನಮ್ಮ ಮನೆಗೆ ವಾರಕ್ಕೆ ಎರಡು ಸಲ ಬಂದು ನನ್ನ ತಂದೆಯವರನ್ನು ನೋಡಿಕೊಂಡ ಉಪಶಾಮಕ ಆರೈಕೆ ತಂಡವೊಂದರ ಸೇವೆಯನ್ನು ಕುರಿತು ಈ ಬರಹ. ದೊಡ್ಡ ಕಾಯಿಲೆಯ ನೋವು, ಸಂಕಟಗಳನ್ನು ಕಡಿಮೆ ಮಾಡುವ, ಪ್ಯಾಲಿಯೇಟಿವ್ ಕೇರ್ ಎಂದು ವೈದ್ಯರು ಕರೆಯುವ ಈ ಆರೈಕೆಯನ್ನು ‘ಇನ್ನೇನೂ ಮಾಡುವುದಕ್ಕಿಲ್ಲ’ ಎಂದಾದ ಮೇಲೆ ಕೊಡುವುದು ಎಂದೇ ಬಹಳ ಜನ ತಿಳಿದಿದ್ದಾರೆ; ನಾನೂ ಹಾಗೆಯೇ ತಿಳಿದಿದ್ದೆ. ತಂಡದಲ್ಲಿರುವವರು ಒಬ್ಬ ವೈದ್ಯರು, ಇಬ್ಬರು ನರ್ಸುಗಳು, ಒಬ್ಬ ಆಪ್ತಸಮಾಲೋಚಕಿ ಮತ್ತು ವ್ಯಾನು ಓಡಿಸುವ ಒಬ್ಬರು, ಅಷ್ಟೇ. ಹೆಸರು ಹಾಕಿ ಬರೆಯಲೇ ಎಂದು ಕೇಳಿದಾಗ, ಈಗ ಒಪ್ಪಿಕೊಂಡಿರುವ ಮನೆಗಳನ್ನೇ ಸುತ್ತಿ ಮುಗಿಸಲಾಗುತ್ತಿಲ್ಲ, ಫೋನು ಮಾಡಿದವರಿಗೆ ಬರಲಾಗದು ಎಂದು ಹೇಳುವ ಸಂಕಟ ಇನ್ನಷ್ಟು ಹೆಚ್ಚುವುದು ಬೇಡ ಎಂದು ಅವರೇ ಕೇಳಿಕೊಂಡರು. ಆದ್ದರಿಂದ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಇಂಥ ಸೇವೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಸಾವಿನ ಭಯಕ್ಕೆ ಬಾಯಿ ಕಟ್ಟಿಹೋಗಿರುವ ಮನೆಗಳಿಗೆ ತಿಳಿದಿರಬೇಕು ಎಂಬುದೇ ನನ್ನ ಉದ್ದೇಶ.

ಅಪ್ಪನಿಗೆ ಆಗ ಎಂಬತ್ತೊಂದು ವರ್ಷ. ತಿಪಟೂರು ತಾಲ್ಲೂಕಿನ ನಮ್ಮ ಊರಿನಲ್ಲಿ ತೆಂಗಿನ ತೋಟ ಮಾಡಿಕೊಂಡು, ಅಟ್ಟದ ತುಂಬ ಕಾಯಿ ಹಾಕಿ, ಅದು ಉಂಡೆ ಕೊಬ್ಬರಿಯಾಗುವವರೆಗೆ ವರ್ಷಗಟ್ಟಲೆ ಕಾಯುವುದನ್ನೇ ಬದುಕಾಗಿ ಮಾಡಿಕೊಂಡಿದ್ದವರು. ಬೇಸಿಗೆಯಲ್ಲಿ ಶುರುವಾದ ಕೆಮ್ಮು ಬಿಡಲಿಲ್ಲ. ಜೊತೆಗೆ ಬೆನ್ನುನೋವು ಸೇರಿಕೊಂಡಿತು. ಶ್ವಾಸಕೋಶದ ಕ್ಯಾನ್ಸರ್ ಎಂದೂ, ಅದು ಬೆನ್ನುಮೂಳೆಗೆ ಹರಡಿದೆ ಎಂದೂ ಜೂನ್ ತಿಂಗಳಲ್ಲಿ ಗೊತ್ತಾಯಿತು. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಈ ವಿಷಯವನ್ನು ನನ್ನನ್ನೂ ನನ್ನ ತಮ್ಮನನ್ನೂ ಹೊರಗಿನ ಪಡಸಾಲೆಗೆ ಕರೆದು ಹೇಳಿದರು. ‘ಪೇಷೆಂಟಿಗೆ ಹೇಳಬೇಡಿ, ಎದೆಗುಂದುತ್ತಾರೆ’ ಎಂಬ ಸಲಹೆಯನ್ನೂ ಕೊಟ್ಟು ಕಳಿಸಿದರು. ಒಳಗೆ ಮಂಚದ ಮೇಲೆ ಕುಳಿತಿದ್ದ ಅಪ್ಪ ಗಾಜಿನ ಬಾಗಿಲಿನಾಚೆ ನಮ್ಮಿಬ್ಬರ ಮುಖಗಳನ್ನೇ ನೋಡುತ್ತಿದ್ದರು. ಅವರಿಗೆ ಅಂದೇ ಎಲ್ಲವೂ ಗೊತ್ತಾಗಿತ್ತು ಎಂಬುದು ನನಗೆ ಗೊತ್ತಾದದ್ದು ಎರಡು ತಿಂಗಳ ನಂತರ.

ನಮ್ಮ ಕಡೆಯ ಮನೆಗಳಲ್ಲಿ ಸಾವಿನ ಮಾತು ಬಂದರೆ ಒಂದು ಕ್ರಮವಿದೆ. ಯಾರಾದರೂ ‘ನಾನು ಹೋದ ಮೇಲೆ’ ಎಂದು ಬಾಯಿ ತೆರೆದರೆ ಪಕ್ಕದಲ್ಲಿದ್ದವರು ಕೂಡಲೇ ‘ಬಿಡ್ತು ಅನ್ನು’ ಎನ್ನುತ್ತಾರೆ. ಹೇಳಿದವರು ‘ಬಿಡ್ತು’ ಎಂದು ಅಂದು ಮಾತನ್ನು ಅಲ್ಲಿಗೇ ಬಿಡುತ್ತಾರೆ. ಅದರಲ್ಲಿ ಪ್ರೀತಿಯಿದೆ, ಆಡಿದ ಮಾತು ನಿಜವಾಗಿಬಿಟ್ಟೀತೆಂಬ ಹೆದರಿಕೆಯೂ ಇದೆ. ಆ ಜೂನ್ ತಿಂಗಳಿಡೀ ನಮ್ಮ ಮನೆಯಲ್ಲಿ ಎಷ್ಟು ಸಲ ಈ ಮಾತು ಬಂತೋ ಲೆಕ್ಕವಿಲ್ಲ. ಅಪ್ಪ ತೋಟದ ಪತ್ರಗಳ ವಿಷಯ ತೆಗೆದರೆ ಬಿಡ್ತು ಅನ್ನು, ಅಮ್ಮನ ಸಮಾಧಿಯ ಪಕ್ಕದ ಜಾಗದ ವಿಷಯ ತೆಗೆದರೆ ಬಿಡ್ತು ಅನ್ನು. ಕೊನೆಗೆ ಅವರು ಏನನ್ನೂ ಹೇಳದೆ ಗೋಡೆಯ ಕಡೆಗೆ ಮುಖ ಮಾಡಿಕೊಂಡು ಮಲಗಲು ಆರಂಭಿಸಿದರು. ನಾನು ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಅವರ ಎದೆ ಏಳುತ್ತ ಇಳಿಯುತ್ತ ಇದೆಯೇ ಎಂದು ಬಾಗಿಲಲ್ಲಿ ನಿಂತು ನೋಡಿ ಬರುತ್ತಿದ್ದೆ. ಅವರೂ ಎಚ್ಚರವಾಗಿಯೇ ಇರುತ್ತಿದ್ದರೆಂದು ಈಗ ನನಗೆ ಅನ್ನಿಸುತ್ತದೆ. ಒಂದೇ ಭಯವನ್ನು ಇಬ್ಬರೂ ಬೇರೆಬೇರೆ ಕೋಣೆಗಳಲ್ಲಿ ಹೊತ್ತುಕೊಂಡು ಮಲಗಿದ್ದೆವು.

ಜುಲೈ ಎರಡನೇ ವಾರದಲ್ಲಿ, ಪರಿಚಯದವರೊಬ್ಬರ ಮಾತಿನ ಮೇಲೆ, ಈ ತಂಡಕ್ಕೆ ಫೋನು ಮಾಡಿದೆ. ಮೂರನೆಯ ದಿನ ಬಂದರು. ಮೊದಲ ಭೇಟಿ ಎರಡು ಗಂಟೆ ನಡೆಯಿತು. ಅಷ್ಟು ಹೊತ್ತು ಯಾವ ವೈದ್ಯರೂ ನಮ್ಮೊಡನೆ ಅದಕ್ಕೆ ಮುಂಚೆ ಕುಳಿತಿರಲಿಲ್ಲ. ಹಿರಿಯ ನರ್ಸು ಬಂದವರೇ ಫೈಲು ಕೇಳಲಿಲ್ಲ, ಕೈ ತೊಳೆದುಕೊಂಡು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತು, ‘ತಾತ, ಈಗ ಎಲ್ಲಿ ನೋವು, ಎಷ್ಟು ನೋವು, ಬೆಳಗಿನ ಜಾವ ಹೆಚ್ಚೋ ರಾತ್ರಿ ಹೆಚ್ಚೋ?’ ಎಂದು ಕೇಳಿದರು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲು ಹೇಳಿದಾಗ ಅಪ್ಪ ಎಂಟು ಎಂದರು. ನನಗೆ ಆಶ್ಚರ್ಯವಾಯಿತು, ಏಕೆಂದರೆ ನಾನು ಕೇಳಿದಾಗಲೆಲ್ಲ ‘ಪರವಾಗಿಲ್ಲ’ ಎನ್ನುತ್ತಿದ್ದರು. ಬಾಯಿಯೊಳಗೆ ಟಾರ್ಚು ಹಾಕಿ ನೋಡಿದರು, ಬೆನ್ನು, ಸೊಂಟ, ಹಿಮ್ಮಡಿಯ ಚರ್ಮ ಕೆಂಪಗಾಗಿದೆಯೇ ಎಂದು ನೋಡಿದರು, ಮಲವಿಸರ್ಜನೆಯಾಗಿ ಎಷ್ಟು ದಿನವಾಯಿತೆಂದು ಕೇಳಿದರು. ಆಮೇಲೆ, ಇದೂ ಅದೇ ಸಾಲಿನ ಇನ್ನೊಂದು ಪ್ರಶ್ನೆಯೆಂಬಷ್ಟು ಸಹಜವಾಗಿ, ‘ರಾತ್ರಿ ಎಚ್ಚರವಾದಾಗ ಏನು ಯೋಚನೆ ಬರುತ್ತೆ ತಾತ?’ ಎಂದರು.

ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ‘ಉಸಿರು ಕಟ್ಟಿ ಸಾಯ್ತೀನೇನೋ ಅಂತ ಬರುತ್ತೆ ಕಣವ್ವ’ ಎಂದರು. ನನ್ನ ಬಾಯಿಂದ ‘ಬಿಡ್ತು ಅನ್ನಪ್ಪ’ ಎಂಬ ಮಾತು ತಾನಾಗಿ ಹೊರಟಿತು. ನರ್ಸು ನನ್ನ ಮೊಣಕೈ ಮೇಲೆ ಕೈಯಿಟ್ಟು, ‘ಅಕ್ಕ, ತಾತ ಹೇಳಲಿ ಬಿಡಿ’ ಎಂದರು. ಅಪ್ಪ ಹೇಳಿದರು. ಉಸಿರು ಕಟ್ಟುವ ಭಯ, ನೋವು ತಡೆಯಲಾಗದೆ ಮಕ್ಕಳ ಮುಂದೆ ಕೂಗಿಬಿಡುವ ಭಯ, ಮಗಳ ಕೈಯಲ್ಲಿ ಬಟ್ಟೆ ಬದಲಾಯಿಸಿಕೊಳ್ಳಬೇಕಾದ ಸಂಕೋಚ, ಆಸ್ಪತ್ರೆಯಲ್ಲಿ ಬಾಯಿಗೆ ಕೊಳವೆ ಹಾಕಿಸಿಕೊಂಡು ಯಾರೂ ಹತ್ತಿರವಿಲ್ಲದೆ ಹೋಗುವ ಭಯ, ಈ ವರ್ಷದ ಕೊಬ್ಬರಿಯನ್ನು ಯಾರು ಒಡೆಸುತ್ತಾರೆಂಬ ಚಿಂತೆ. ನರ್ಸು ಒಂದೊಂದನ್ನೂ ಬರೆದುಕೊಂಡರು. ‘ಇದರಲ್ಲಿ ಮೊದಲ ಎರಡಕ್ಕೆ ನಮ್ಮ ಹತ್ತಿರ ಔಷಧಿ ಇದೆ, ಮೂರನೆಯದಕ್ಕೆ ಅಕ್ಕನಿಗೆ ಕಲಿಸಿಕೊಡ್ತೀವಿ, ನಾಲ್ಕನೆಯದಕ್ಕೆ ಕಾಗದ ಮಾಡಿಸಬಹುದು, ಕೊಬ್ಬರಿದು ನೀವು ಮನೆಯವರು ಮಾತಾಡ್ಕೋಬೇಕು’ ಎಂದರು. ಇಡೀ ಸೇವೆಯ ತಿರುಳು ಈ ಒಂದು ಮಾತಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಸಾವಿನ ಭಯ ಎಂದು ನಾವು ಒಟ್ಟಾಗಿ ಕರೆದು, ಹೆಸರೆತ್ತದೆ ಮುಚ್ಚಿಟ್ಟಿದ್ದುದನ್ನು ಅವರು ಬಿಡಿಸಿ ಹರಡಿದರು. ಹರಡಿದ ಮೇಲೆ ಅದರ ಹೆಚ್ಚಿನ ಭಾಗಕ್ಕೆ ಏನಾದರೊಂದು ದಾರಿ ಇತ್ತು.

ಈ ಕ್ರಮ ಅವರೇ ಕಂಡುಹಿಡಿದದ್ದಲ್ಲ. ನರ್ಸಾಗಿ, ಸಮಾಜ ಕಾರ್ಯಕರ್ತೆಯಾಗಿ ದುಡಿದು ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಎಂಬಾಕೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆರೈಕೆ ಕೇಂದ್ರವನ್ನು ತೆರೆದರು. ಸಾಯುತ್ತಿರುವವರ ನೋವು ಮೈಯ ನೋವೊಂದೇ ಅಲ್ಲ, ಅದರಲ್ಲಿ ಮನಸ್ಸಿನದು, ಮನೆ ಮತ್ತು ಹಣಕಾಸಿನದು, ದೇವರು ಹಾಗೂ ಬದುಕಿನ ಅರ್ಥಕ್ಕೆ ಸಂಬಂಧಿಸಿದ್ದು ಎಲ್ಲವೂ ಹೆಣೆದುಕೊಂಡಿರುತ್ತದೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಚಿಕಿತ್ಸೆ ಮಾಡಲಾಗದು ಎಂಬುದು ಅವರು ಕಲಿಸಿದ ಪಾಠ. ನಮ್ಮ ಅಪ್ಪನಿಗೆ ಬೆನ್ನುನೋವಿನೊಳಗೇ ಕೊಬ್ಬರಿಯ ಚಿಂತೆಯೂ ಸೇರಿಕೊಂಡಿದ್ದುದನ್ನು ಕಣ್ಣಾರೆ ಕಂಡ ಮೇಲೆ ಈ ಮಾತು ನನಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ.

ಔಷಧಿಯ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಜನರು ಹೆಚ್ಚು ಹೆದರುವುದು ಇಲ್ಲಿಯೇ. ಡಾಕ್ಟರು ಮಾರ್ಫಿನ್ ಮಾತ್ರೆ ಬರೆದಾಗ ತಮ್ಮ ಬೆಂಗಳೂರಿನಿಂದ ಫೋನು ಮಾಡಿ ಕೂಗಾಡಿದ. ಅದು ಕೊನೆಯ ಔಷಧಿ, ಕೊಟ್ಟರೆ ಅಪ್ಪ ಏಳುವುದಿಲ್ಲ, ಚಟ ಹಿಡಿಯುತ್ತದೆ ಎಂಬುದು ಅವನ ನಂಬಿಕೆ. ಡಾಕ್ಟರು ಅವನೊಂದಿಗೆ ಫೋನಿನಲ್ಲಿ ಸಮಾಧಾನದಿಂದ ಮಾತನಾಡಿದರು. ನೋವಿಗೆ ತಕ್ಕಂತೆ ಸಣ್ಣ ಪ್ರಮಾಣದಿಂದ ಆರಂಭಿಸಿ ನೋಡಿಕೊಂಡು ಹೆಚ್ಚಿಸುತ್ತ ಹೋದರೆ ಈ ಮಾತ್ರೆ ಉಸಿರು ನಿಲ್ಲಿಸುವುದಿಲ್ಲ, ಉಬ್ಬಸವನ್ನು ಸಹ ಕಡಿಮೆ ಮಾಡುತ್ತದೆ. ಇದರ ಕೆಲಸ ಸುಮಾರು ನಾಲ್ಕು ಗಂಟೆಯಷ್ಟೇ ಇರುವುದರಿಂದ ನೋವು ಬಂದ ಮೇಲೆ ಕೊಡುವ ಬದಲು ಗಡಿಯಾರ ನೋಡಿ ಕೊಡಬೇಕು. ಮಲಬದ್ಧತೆ ಖಂಡಿತ ಆಗುವುದರಿಂದ ಅದಕ್ಕೊಂದು ಔಷಧಿಯನ್ನು ಮೊದಲ ದಿನದಿಂದಲೇ ಜೊತೆಗೆ ಕೊಡಬೇಕು ಎಂದು ವಿವರಿಸಿದರು. ಇದು ಎಲ್ಲ ಮೆಡಿಕಲ್ ಶಾಪುಗಳಲ್ಲಿ ಸಿಗುವುದಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆಯಿಂದಾಗಿ ಆಸ್ಪತ್ರೆಗಳು ಹಲವು ಪರವಾನಗಿಗಳಿಗಾಗಿ ಅಲೆಯಬೇಕಾಗಿತ್ತು. 2014ರ ತಿದ್ದುಪಡಿ ಆ ತೊಡಕನ್ನು ಸಡಿಲಿಸಿದ್ದರಿಂದ ಈಗ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇದನ್ನು ಇಟ್ಟುಕೊಂಡು ಕೊಡಬಹುದು. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೇಶ ನಮ್ಮದು, ಆದರೂ ನೋವಿನಲ್ಲಿರುವ ನಮ್ಮವರಲ್ಲಿ ಬಹಳ ಮಂದಿಗೆ ಈ ಅಗ್ಗದ ಮಾತ್ರೆ ತಲುಪುವುದಿಲ್ಲ ಎಂಬುದನ್ನು ಯೋಚಿಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಗಸಗಸೆ ಬಿಡುವ ಗಿಡದ ಕಾಯಿಯ ಹಾಲಿನಿಂದಲೇ ಈ ಮಾತ್ರೆ ಬರುತ್ತದೆ ಎಂದು ನರ್ಸು ಹೇಳಿದಾಗ ಅಪ್ಪನ ಮುಖ ಅರಳಿತು. ‘ಹಬ್ಬದ ದಿನ ಗಸಗಸೆ ಪಾಯಸ ಕುಡಿದು ಮಲಗಿದಂಗೆ ಅನ್ನಿ’ ಎಂದರು. ಮೂರನೆಯ ದಿನ ನೋವಿನ ಅಂಕ ಮೂರಕ್ಕೆ ಇಳಿಯಿತು. ಆ ರಾತ್ರಿ ಅವರು ಐದು ಗಂಟೆ ನಿದ್ದೆ ಮಾಡಿದರು, ನಾನೂ ಮಾಡಿದೆ. ನೋವು ಇಳಿಯುವವರೆಗೆ ಯಾವ ಸಾಂತ್ವನದ ಮಾತೂ ಕಿವಿಗೆ ಹೋಗುವುದಿಲ್ಲ ಎಂಬುದನ್ನು ಸಾವನ್ನು ಧೈರ್ಯವಾಗಿ ಎದುರಿಸಿ ಎಂದು ಉಪದೇಶಿಸುವವರೆಲ್ಲ ತಿಳಿದಿರಬೇಕು.

ನೋವು ಇಳಿದ ಮೇಲೆ ಮಾತು ಶುರುವಾಯಿತು. ನಾಲ್ಕು ತಿಂಗಳಲ್ಲಿ ನನಗೆ ಅತ್ಯಂತ ಬೆಲೆಬಾಳುವುದಾಗಿ ಕಂಡದ್ದು ಇದು. ಆಗಸ್ಟಿನ ಒಂದು ಮಧ್ಯಾಹ್ನ ನರ್ಸು ರಕ್ತದೊತ್ತಡ ನೋಡುತ್ತಿರುವಾಗ ಅಪ್ಪ ತಾವಾಗಿಯೇ ಸಿದ್ಧಗಂಗೆಯ ದೊಡ್ಡ ಸ್ವಾಮಿಗಳ ವಿಷಯ ತೆಗೆದರು. 2019ರ ಜನವರಿಯಲ್ಲಿ ನೂರಹನ್ನೊಂದು ವರ್ಷದ ಶಿವಕುಮಾರ ಸ್ವಾಮಿಗಳು ಆಸ್ಪತ್ರೆಯಲ್ಲಿ ಇರಲಾರೆನೆಂದು ಮಠಕ್ಕೆ ಮರಳಿದ್ದು, 21ನೆಯ ತಾರೀಖು ಲಿಂಗೈಕ್ಯರಾದಾಗ ಮಕ್ಕಳ ಊಟ ಮುಗಿಯುವವರೆಗೆ ಆ ಸುದ್ದಿಯನ್ನು ಹೊರಗೆ ಹೇಳದೆ ಇದ್ದದ್ದು, ಇವು ತುಮಕೂರಿನ ಜನರಿಗೆಲ್ಲ ಗೊತ್ತಿರುವ ಸಂಗತಿಗಳು. ಅಪ್ಪ ಅಂದು ಕ್ಯಾತ್ಸಂದ್ರದ ಕಡೆಯಿಂದ ನಡೆದುಕೊಂಡು ಹೋಗಿ ಸಾಲಿನಲ್ಲಿ ನಿಂತು ದರ್ಶನ ಮಾಡಿ ಬಂದವರು. ‘ಅವರಿಗೂ ತಮ್ಮ ಜಾಗಕ್ಕೆ ಹೋಗಿ ಮಲಗಬೇಕು ಅನ್ನಿಸಿತ್ತು. ನನಗೂ ನನ್ನ ತೋಟಕ್ಕೆ ಹೋಗಬೇಕು’ ಎಂದರು. ‘ಶರಣರ ಗುಣವನ್ನು ಮರಣದಲ್ಲಿ ಕಾಣು’ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಎಷ್ಟೋ ಸಲ ಮಕ್ಕಳಿಗೆ ವಿವರಿಸಿದ್ದೇನೆ. ಅದು ದೊಡ್ಡವರಿಗೆ ಸಂಬಂಧಿಸಿದ ಮಾತೆಂದೇ ತಿಳಿದಿದ್ದೆ. ಹಾಸಿಗೆ ಹಿಡಿದ ಒಬ್ಬ ರೈತ ತನ್ನ ಕೊನೆಯ ಜಾಗವನ್ನು ತಾನೇ ಆರಿಸಿಕೊಳ್ಳುವಾಗ ಆ ಗಾದೆ ಬೇರೆಯಾಗಿ ಕೇಳಿಸಿತು. ಅಂದು ನಾನು ‘ಬಿಡ್ತು ಅನ್ನಿ’ ಎನ್ನಲಿಲ್ಲ. ಯಾವ ಮರದ ಕೆಳಗೆ ಎಂದು ಕೇಳಿದೆ. ಅಮ್ಮನ ಸಮಾಧಿಯಿಂದ ಮೂಡಣಕ್ಕೆ, ಬಾವಿಯ ಹತ್ತಿರದ ಎರಡನೆಯ ತೆಂಗಿನ ಪಕ್ಕ ಎಂದರು. ಆಮೇಲೆ ಕೊಬ್ಬರಿಯ ಮಾತು ಬಂತು. ಯಾವ ಅಂಕಣದ ಕಾಯಿ ಮೊದಲು ಒಡೆಯಬೇಕು, ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನದ ಕಾಯಿಗೆ ಕತ್ತಿ ಹಾಕಬಾರದು, ಚಿಪ್ಪನ್ನು ತಾನಾಗಿ ಬಿಟ್ಟಿದ್ದರೆ ಮಾತ್ರ ಉಂಡೆ ಒಡೆಯದೆ ಹೊರಗೆ ಬರುತ್ತದೆ ಎಂದು ಅರ್ಧ ಗಂಟೆ ಹೇಳಿದರು. ನರ್ಸು ತಮ್ಮ ಮುಂದಿನ ಮನೆಗೆ ತಡವಾದರೂ ಎದ್ದು ಹೋಗಲಿಲ್ಲ.

ಕೊಳವೆಯ ಭಯಕ್ಕೆ ಕಾಗದ ಮಾಡಿಸಿದ್ದು ಸೆಪ್ಟೆಂಬರಿನಲ್ಲಿ. ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವ ಹಕ್ಕನ್ನು ಜೀವಿಸುವ ಹಕ್ಕಿನ ಭಾಗವೆಂದು ಎತ್ತಿಹಿಡಿದು, ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡ ಎಂಬುದನ್ನು ಮುಂಚಿತವಾಗಿ ಬರೆದಿಡಲು ಅವಕಾಶ ಮಾಡಿಕೊಟ್ಟಿತು. ಆಗ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಾಗಿತ್ತು. 2023ರ ಜನವರಿಯಲ್ಲಿ ಆ ಕ್ರಮವನ್ನು ಸರಳಗೊಳಿಸಲಾಯಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಸಾಯಿಸುವ ಚುಚ್ಚುಮದ್ದಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ರೋಗಿಗೆ ಸ್ವತಃ ನಿರ್ಧರಿಸುವ ಶಕ್ತಿ ಹೋದಾಗ ಮಾತ್ರ ಆ ಬರಹವನ್ನು ನೋಡುತ್ತಾರೆ, ಆಗಲೂ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಬರೆದವರು ಯಾವಾಗ ಬೇಕಾದರೂ ಅದನ್ನು ಹಿಂತೆಗೆದುಕೊಳ್ಳಬಹುದು. ಆಪ್ತಸಮಾಲೋಚಕಿ ಕನ್ನಡದಲ್ಲಿಯೇ ಕರಡು ಬರೆದುಕೊಟ್ಟರು, ನೋಟರಿಯವರು ಮನೆಗೇ ಬಂದರು. ಅಪ್ಪ ಓದಿಸಿ ಕೇಳಿ, ‘ಮಕ್ಕಳು ಕೈ ಹಿಡಿದುಕೊಂಡು ಕೂತಿರಬೇಕು ಅಂತ ಇನ್ನೊಂದು ಸಾಲು ಸೇರಿಸಿ’ ಎಂದರು. ಕಾನೂನಿಗೆ ಆ ಸಾಲು ಬೇಕಿರಲಿಲ್ಲ, ಆದರೂ ಸೇರಿಸಿದರು.

ತಮ್ಮ ಒಪ್ಪಿದ್ದು ಸುಲಭವಾಗಿ ಅಲ್ಲ. ಎಲ್ಲವನ್ನೂ ಮಾಡಿ ನೋಡಬೇಕು, ಐಸಿಯುಗೆ ಸೇರಿಸಬೇಕು, ನಾಳೆ ಜನ ಏನೆನ್ನುತ್ತಾರೆ ಎಂಬುದು ಅವನ ಪಟ್ಟು. ದೂರದಲ್ಲಿರುವ ಮಗನಿಗೆ ಅದು ಸಹಜವೇ. ವೆಂಟಿಲೇಟರ್ ಯಾವ ರೋಗಿಗೆ ಸೇತುವೆಯಾಗುತ್ತದೆ, ಹರಡಿದ ಕ್ಯಾನ್ಸರಿನ ಕೊನೆಯ ಹಂತದಲ್ಲಿ ಅದರಿಂದ ಏನಾಗುತ್ತದೆ ಎಂಬುದನ್ನು ಡಾಕ್ಟರು ಒಂದು ಭಾನುವಾರ ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಗಂಟೆ ವಿವರಿಸಿದರು. ಅವನು ಅತ್ತ. ಅಪ್ಪನಿಗೆ ಕಾಯಿಲೆಯಾದ ಮೇಲೆ ಅವನು ಅತ್ತದ್ದನ್ನು ನಾನು ನೋಡಿದ್ದು ಅಂದೇ ಮೊದಲು.

ಕೊರತೆಗಳನ್ನೂ ಬರೆಯಬೇಕು, ಏಕೆಂದರೆ ಅವು ಚಿಕ್ಕವಲ್ಲ. ಮನೆಭೇಟಿ ಮಂಗಳವಾರ ಮತ್ತು ಶುಕ್ರವಾರ ಮಾತ್ರ, ಅದೂ ಬೆಳಿಗ್ಗೆ ಎಂದವರು ಕೆಲವೊಮ್ಮೆ ಸಂಜೆ ಬರುತ್ತಿದ್ದರು. ರಾತ್ರಿ ಫೋನು ಎತ್ತುತ್ತಾರೆ, ಆದರೆ ಬರುವುದಿಲ್ಲ. ಒಮ್ಮೆ ಉಬ್ಬಸ ಹೆಚ್ಚಾಗಿ ನಡುರಾತ್ರಿ ಎರಡೂವರೆಗೆ ಫೋನು ಮಾಡಿದಾಗ ನರ್ಸು ‘ಅಕ್ಕ, ಮೊದಲು ನೀವು ಕೂತ್ಕೊಳ್ಳಿ’ ಎಂದು ಹೇಳಿ, ಅಪ್ಪನನ್ನು ದಿಂಬಿನ ಮೇಲೆ ಮುಂದಕ್ಕೆ ಬಾಗಿಸಿ ಕೂರಿಸುವುದು, ಮುಖಕ್ಕೆ ನೇರವಾಗಿ ಟೇಬಲ್ ಫ್ಯಾನ್ ಇಡುವುದು, ಹೆಚ್ಚುವರಿ ಅರ್ಧ ಮಾತ್ರೆ ಕೊಡುವುದು, ಹೀಗೆ ಒಂದೊಂದನ್ನೇ ಮಾಡಿಸುತ್ತ ಉಸಿರು ಹತೋಟಿಗೆ ಬರುವವರೆಗೆ ಇಪ್ಪತ್ತು ನಿಮಿಷ ಫೋನು ಇಡಲಿಲ್ಲ. ಅದು ದೊಡ್ಡ ನೆರವು, ನಿಜ. ಆದರೆ ಮನೆಯಲ್ಲಿ ಒಬ್ಬರೇ ವಯಸ್ಸಾದವರು ರೋಗಿಯನ್ನು ನೋಡಿಕೊಳ್ಳುತ್ತಿದ್ದರೆ ಫೋನಿನಲ್ಲಿ ಹೇಳಿದ್ದನ್ನು ಮಾಡುವವರಾದರೂ ಯಾರು? ಆಯುಧಪೂಜೆಯ ರಜೆಯಲ್ಲಿ ಮಾತ್ರೆ ಮುಗಿದು, ಅವರ ಕಚೇರಿಯೂ ಮುಚ್ಚಿದ್ದು, ಅಪ್ಪ ಒಂದು ಇಡೀ ರಾತ್ರಿ ನರಳಿದರು. ಮುಂಚಿತವಾಗಿ ಎಣಿಸಿಕೊಳ್ಳದಿದ್ದದ್ದು ನನ್ನ ತಪ್ಪೂ ಹೌದು, ಆದರೆ ಹಬ್ಬದ ವಾರದಲ್ಲಿ ಹೆಚ್ಚುವರಿ ಕೊಡುವುದನ್ನು ಅವರೇ ನೆನಪಿಟ್ಟುಕೊಳ್ಳಬೇಕಿತ್ತು. ಕ್ಷಮೆ ಕೇಳಿದರು, ಆಮೇಲೆ ಎರಡು ವಾರದ ಮಾತ್ರೆಯನ್ನು ಒಟ್ಟಿಗೆ ಕೊಡತೊಡಗಿದರು. ಆಪ್ತಸಮಾಲೋಚಕಿ ಮೊದಲ ಭೇಟಿಯಲ್ಲಿಯೇ ಅಚ್ಚು ಹಾಕಿದ ಪ್ರಶ್ನೆಪಟ್ಟಿ ಹಿಡಿದು ‘ಸಾವಿನ ಬಗ್ಗೆ ನಿಮ್ಮ ಭಾವನೆ ಏನು’ ಎಂದು ಕೇಳಿದ್ದು ನನಗೆ ಹಿಡಿಸಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡರು. ಮೈಯ ನೋವಿನಿಂದ ಆರಂಭಿಸಿ ನಿಧಾನವಾಗಿ ಒಳಗೆ ಬಂದ ನರ್ಸಿನ ದಾರಿಯೇ ಸರಿಯಾದದ್ದು. ವಚನ ಹಾಡಿ ಕೇಳಿಸುವವರು ಬೇಕೆಂದು ಅಪ್ಪ ಕೇಳಿದಾಗ ತಂಡದ ಬಳಿ ಅಂಥವರು ಇರಲಿಲ್ಲ, ಪಕ್ಕದ ಬೀದಿಯ ಒಬ್ಬ ತಾಯಿ ಬಂದು ಹಾಡಿದರು.

ದೊಡ್ಡ ಕೊರತೆಯೆಂದರೆ ದೂರದ್ದು. ತುಮಕೂರಿನಿಂದ ಇಪ್ಪತ್ತೈದು ಕಿಲೋಮೀಟರಿನಾಚೆಗೆ ತಂಡ ಹೋಗುವುದಿಲ್ಲ. ಅಪ್ಪನ ತೋಟ ಅದಕ್ಕಿಂತ ಬಹಳ ದೂರ. ತಮ್ಮ ಜಾಗಕ್ಕೆ ಹೋಗಬೇಕೆಂದವರನ್ನು ಸೇವೆ ಸಿಗುವ ಊರಿನಲ್ಲಿಯೇ ಇಟ್ಟುಕೊಳ್ಳುವುದೋ, ಸೇವೆಯನ್ನು ಬಿಟ್ಟು ಕರೆದುಕೊಂಡು ಹೋಗುವುದೋ ಎಂಬ ಪ್ರಶ್ನೆ ಅಕ್ಟೋಬರಿನಿಡೀ ನಮ್ಮನ್ನು ಕಾಡಿತು. ನವೆಂಬರ್ ಮೊದಲ ವಾರ ಡಾಕ್ಟರು ಸ್ಪಷ್ಟವಾಗಿ, ‘ಇನ್ನು ಇರುವುದು ವಾರಗಳು, ಕರೆದುಕೊಂಡು ಹೋಗುವುದಾದರೆ ಈಗಲೇ’ ಎಂದರು. ಎರಡು ದಿನ ನನ್ನನ್ನೂ ತಮ್ಮನನ್ನೂ ಕೂರಿಸಿ ಹಾಸಿಗೆಯಲ್ಲಿಯೇ ಮಗ್ಗುಲು ಬದಲಿಸುವುದು, ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸುವುದು, ಮಾತ್ರೆ ನುಂಗಲಾಗದಾಗ ಪುಡಿ ಮಾಡಿ ಹನಿ ನೀರಿನಲ್ಲಿ ಕಲಸಿ ಒಸಡಿನ ಬಳಿ ಇಡುವುದು ಎಲ್ಲವನ್ನೂ ಕಲಿಸಿದರು. ಊರಿನ ಆಶಾ ಕಾರ್ಯಕರ್ತೆಗೆ ಫೋನು ಮಾಡಿ ಪರಿಸ್ಥಿತಿ ತಿಳಿಸಿದರು. ಮಲಗಿದಲ್ಲೇ ಮೈ ಹುಣ್ಣಾಗದಿರಲೆಂದು ತಾವು ಕೊಟ್ಟಿದ್ದ ಗಾಳಿ ಹಾಸಿಗೆಯನ್ನು ತೆಗೆದುಕೊಂಡು ಹೋಗಲು ಬಿಟ್ಟರು. ಜೊತೆಗೆ ಎರಡು ಪುಟದ ಒಂದು ಕಾಗದ ಕೊಟ್ಟರು.

ಆ ಕಾಗದದ ಬಗ್ಗೆ ಹೇಳದೆ ಈ ವಿಮರ್ಶೆ ಪೂರ್ತಿಯಾಗದು. ‘ಕೊನೆಯ ದಿನಗಳಲ್ಲಿ ಏನೇನು ಆಗಬಹುದು’ ಎಂಬುದನ್ನು ಸರಳ ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಬರೆದಿದ್ದರು. ಊಟ ಬೇಡವೆನ್ನುತ್ತಾರೆ, ಅದು ಹಟವಲ್ಲ, ದೇಹಕ್ಕೆ ಬೇಕಾಗಿಲ್ಲ, ಬಲವಂತವಾಗಿ ತಿನ್ನಿಸಿದರೆ ನೆತ್ತಿಗೇರುತ್ತದೆ. ದಿನದ ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತಾರೆ. ಆದರೂ ಕೇಳಿಸುತ್ತಿರಬಹುದು, ಮಾತನಾಡಿಸಿ. ಇಲ್ಲದವರನ್ನು ಕಂಡಂತೆ, ಕರೆದಂತೆ ಮಾಡಬಹುದು, ವಾದ ಮಾಡಬೇಡಿ. ಕೈಕಾಲು ತಣ್ಣಗಾಗುತ್ತವೆ, ಮಂಡಿಯ ಹತ್ತಿರ ಚರ್ಮ ನೀಲಿಗಟ್ಟುತ್ತದೆ. ಗಂಟಲಲ್ಲಿ ಗೊರಗೊರ ಶಬ್ದ ಬರುತ್ತದೆ. ಕೇಳುವವರಿಗೆ ಸಂಕಟವಾಗುತ್ತದೆ, ರೋಗಿಗೆ ಸಾಮಾನ್ಯವಾಗಿ ಅದರ ಅರಿವಿರುವುದಿಲ್ಲ, ಮಗ್ಗುಲಿಗೆ ಮಲಗಿಸಿ. ಉಸಿರು ನಿಂತು ನಿಂತು ಬರುತ್ತದೆ. ನಡುವೆ ಬಹಳ ಹೊತ್ತು ನಿಂತಂತೆ ಅನ್ನಿಸಿ ಮತ್ತೆ ಬರುತ್ತದೆ. ಕೊನೆಯ ಸಾಲು, ‘ಆಂಬುಲೆನ್ಸಿಗೆ ಓಡಬೇಡಿ, ನಮಗೆ ಫೋನು ಮಾಡಿ’ ಎಂದಿತ್ತು. ನನಗೆ ಐವತ್ತಾರು ವರ್ಷ. ಅಮ್ಮನನ್ನು, ಇಬ್ಬರು ಚಿಕ್ಕಪ್ಪಂದಿರನ್ನು ಕಳೆದುಕೊಂಡಿದ್ದೇನೆ. ಮನುಷ್ಯ ಹೇಗೆ ಸಾಯುತ್ತಾನೆ ಎಂಬುದನ್ನು ಅದುವರೆಗೆ ಯಾರೂ ನನಗೆ ಹೇಳಿರಲಿಲ್ಲ. ಹೆರಿಗೆ ಹೇಗಾಗುತ್ತದೆ ಎಂದು ಅಜ್ಜಿ, ಅತ್ತೆ, ಅಕ್ಕಪಕ್ಕದವರೆಲ್ಲ ಹೇಳಿಕೊಟ್ಟಿದ್ದರು.

ತೋಟದ ಮನೆಯಲ್ಲಿ ಅಪ್ಪ ಹನ್ನೆರಡು ದಿನ ಇದ್ದರು. ಮೊದಲ ನಾಲ್ಕು ದಿನ ಜಗಲಿಯಲ್ಲಿ ಮಂಚ ಹಾಕಿಸಿಕೊಂಡು ಅಟ್ಟದಿಂದ ಕಾಯಿ ಇಳಿಸುವುದನ್ನು ನೋಡಿದರು. ತಮ್ಮ ಒಂದೊಂದನ್ನೇ ಅವರ ಕಿವಿಯ ಹತ್ತಿರ ಅಲ್ಲಾಡಿಸಿ, ಅವರು ತಲೆಯಾಡಿಸಿದ್ದನ್ನು ಮಾತ್ರ ಒಡೆಸಿದ. ಆಮೇಲೆ ನಿದ್ದೆ ಹೆಚ್ಚಾಯಿತು. ಕಾರ್ತಿಕದ ಕೊನೆಯ ವಾರ, ಬೆಳಗಿನ ಜಾವ, ಗಂಟಲ ಶಬ್ದ ಶುರುವಾದಾಗ ನನ್ನ ಕೈಕಾಲು ನಡುಗಿದವು. ಐಸಿಯು ಬೇಕೆಂದಿದ್ದ ತಮ್ಮನೇ ಮೊಬೈಲಿನ ಬೆಳಕಿನಲ್ಲಿ ಆ ಕಾಗದವನ್ನು ಗಟ್ಟಿಯಾಗಿ ಓದಿದ, ಓದಿ, ಅಪ್ಪನನ್ನು ಮಗ್ಗುಲಿಗೆ ತಿರುಗಿಸಿದ. ನರ್ಸಿಗೆ ಫೋನು ಮಾಡಿದಾಗ ಅವರು ಹೊಸದೇನನ್ನೂ ಹೇಳಲಿಲ್ಲ, ಉಸಿರು ಹೇಗಿದೆ ಎಂದು ಕೇಳಿ ನಮ್ಮೊಡನೆ ಸುಮ್ಮನೆ ಇದ್ದರು. ಕೈ ಒಂದನ್ನು ನಾನು, ಒಂದನ್ನು ಅವನು ಹಿಡಿದುಕೊಂಡಿದ್ದೆವು. ಹಣೆಗೆ ವಿಭೂತಿ ಹಚ್ಚಿದೆ. ಉಸಿರಿನ ನಡುವಿನ ಬಿಡುವು ಉದ್ದವಾಗುತ್ತ ಹೋಗಿ, ಒಂದು ಬಿಡುವಿನ ನಂತರ ಮತ್ತೆ ಬರಲಿಲ್ಲ. ನಾನು ಜೀವಮಾನವಿಡೀ ಹೆದರಿದ್ದು ಇದಕ್ಕಾಗಿಯೇ. ಅದು ಅಷ್ಟು ಮೆಲ್ಲಗಿತ್ತು.

ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದ ಮೇಲೆ ಗಾಳಿ ಹಾಸಿಗೆಯನ್ನೂ ಉಳಿದ ಮಾತ್ರೆಗಳನ್ನೂ ಹಿಂದಿರುಗಿಸಲು ತುಮಕೂರಿಗೆ ಬಂದೆ. ಮಾತ್ರೆಗಳನ್ನು ಎಣಿಸಿ, ಪುಸ್ತಕದಲ್ಲಿ ಬರೆದು, ನನ್ನ ಸಹಿ ಪಡೆದರು. ಹಾಸಿಗೆಗೆ ಇಟ್ಟುಕೊಂಡಿದ್ದ ಎರಡು ಸಾವಿರ ರೂಪಾಯಿ ಮುಂಗಡವನ್ನು ಕೇಳದೆಯೇ ಹಿಂದಿರುಗಿಸಿದರು. ಭೇಟಿಗಳಿಗೆ, ಮಾತ್ರೆಗಳಿಗೆ ಹಣ ತೆಗೆದುಕೊಂಡಿರಲಿಲ್ಲ; ಕೊಡುವ ಮನಸ್ಸಿದ್ದರೆ ಹುಂಡಿಯಿದೆ ಎಂದಷ್ಟೇ ಹೇಳಿದ್ದರು. ಆಮೇಲೆ ಆಪ್ತಸಮಾಲೋಚಕಿ ಒಮ್ಮೆ ಫೋನು ಮಾಡಿ ವಿಚಾರಿಸಿದರು. ಒಂದೇ ಸಲ. ಮನೆಯವರ ದುಃಖಕ್ಕೆ ಅದು ಸಾಲದು. ಎರಡನೆಯ ತಿಂಗಳಲ್ಲಿ, ಎಲ್ಲರೂ ಅವರವರ ಕೆಲಸಕ್ಕೆ ಮರಳಿದ ಮೇಲೆ, ನನಗೆ ಅವರ ಫೋನು ಹೆಚ್ಚು ಬೇಕಾಗಿತ್ತು.

ಈ ಸೇವೆ ಯಾರಿಗೆ, ಯಾವಾಗ ಎಂದು ಕೇಳಿದರೆ, ದೊಡ್ಡ ಕಾಯಿಲೆಯ ಹೆಸರು ಗೊತ್ತಾದ ವಾರವೇ ಕರೆಯಿರಿ ಎನ್ನುತ್ತೇನೆ. ಇದನ್ನು ತೆಗೆದುಕೊಂಡರೆ ಬೇರೆ ಚಿಕಿತ್ಸೆ ಬಿಡಬೇಕೆಂದೇನೂ ಇಲ್ಲ. ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳ ಮೇಲೆ ಅಮೆರಿಕದ ಬಾಸ್ಟನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಮೂಲು ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ಉಪಶಾಮಕ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಾಗಿ ಇದ್ದದ್ದಷ್ಟೇ ಅಲ್ಲ, ಹೆಚ್ಚು ದಿನವೂ ಬದುಕಿದ್ದರು. ಕೇಂದ್ರ ಸರ್ಕಾರ 2012ರಲ್ಲಿಯೇ ಇದಕ್ಕೊಂದು ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿದೆ. ಆದ್ದರಿಂದ ತುಮಕೂರಾಗಲಿ, ಕೋಲಾರ, ಚಿಕ್ಕಬಳ್ಳಾಪುರವಾಗಲಿ, ಮೊದಲು ಜಿಲ್ಲಾಸ್ಪತ್ರೆಯಲ್ಲಿ ಮತ್ತು ನಿಮ್ಮೂರಿನ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. ಮನೆಯಲ್ಲಿ ನೋಡಿಕೊಳ್ಳಲು ಆಗದೆ ಇದ್ದರೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಇಟ್ಟುಕೊಂಡು ನೋಡಿಕೊಳ್ಳುವ ಕರುಣಾಶ್ರಯ ಬೆಂಗಳೂರಿನಲ್ಲಿದೆ.

ನನ್ನ ಭಯ ಪೂರ್ತಿ ಹೋಗಿಲ್ಲ. ರಾತ್ರಿ ಎಚ್ಚರವಾದಾಗ ಈಗಲೂ ಒಮ್ಮೊಮ್ಮೆ ಎದೆ ಝಲ್ಲೆನ್ನುತ್ತದೆ. ಆಗ ಎದ್ದು ಕುಳಿತು ನರ್ಸು ಕೇಳಿದಂತೆ ಕೇಳಿಕೊಳ್ಳುತ್ತೇನೆ, ಯಾವುದಕ್ಕೆ ಹೆದರುತ್ತಿದ್ದೇನೆ ಎಂದು. ನೋವಿಗಾದರೆ ಔಷಧಿಯಿದೆ ಎಂದು ಗೊತ್ತಿದೆ. ಮಗಳನ್ನು ಬಿಟ್ಟು ಹೋಗುವುದಕ್ಕಾದರೆ ಅದಕ್ಕೆ ಔಷಧಿಯಿಲ್ಲ, ಅದನ್ನು ಇಟ್ಟುಕೊಂಡೇ ಮತ್ತೆ ಮಲಗುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ನನ್ನದೂ ಒಂದು ಕಾಗದವನ್ನು ಬರೆದು, ನನ್ನ ಪರವಾಗಿ ನಿರ್ಧರಿಸುವವರ ಜಾಗದಲ್ಲಿ ಅವಳ ಹೆಸರು ಹಾಕಿ, ಓದಲು ಕೊಟ್ಟೆ. ಅರ್ಧ ಓದಿ ‘ಬಿಡ್ತು ಅನ್ನಮ್ಮ’ ಎಂದಳು. ನಾನು ಅನ್ನಲಿಲ್ಲ. ಕಾಗದ ಅವಳ ಮೇಜಿನ ಮೇಲೆಯೇ ಇದೆ, ಪೂರ್ತಿ ಓದಲು ಅವಳು ಇನ್ನೂ ಸ್ವಲ್ಪ ದಿನ ಕೇಳಿದ್ದಾಳೆ.